ಮಹಡಿಗೆ ಬೇಕಾದ ತೂಕ

ನೆಲ ದಿನವೂ ಸಂಜೆ ಅಲುಗತೊಡಗಿ ಒಂದು ತಲೆಮಾರೇ ಕಳೆದಿತ್ತು. ಬಾಗಲಕೋಟೆಯ ಜನ ಮಳೆಯ ಸುದ್ದಿಯಂತೆ ಅಂದಿನ ಕಂಪನದ ವೇಗವನ್ನೂ ರೇಡಿಯೊದಲ್ಲಿ ಕೇಳಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು.

ಆ ದಿನದ ವೇಗ ಕೇಳಿದ್ದೇ ಎಂಜಿನಿಯರ್ ಕಸ್ತೂರಿ ಹಲಗತ್ತಿ ಹೆರಿಗೆ ಆಸ್ಪತ್ರೆಗೆ ಓಡಿದಳು. ಆ ಕಟ್ಟಡ ತೂಗುವುದೂ ಅದೇ ವೇಗದಲ್ಲಿ. ಎರಡೂ ಕೂಡಿದರೆ ತೂಗಾಟ ಏರುತ್ತಲೇ ಹೋಗಿ ಕಂಬಗಳು ಮುರಿಯುತ್ತವೆ. ಉಳಿದವರನ್ನೆಲ್ಲ ಹೊರಗೆ ಕಳಿಸಿದ್ದರು. ಮಹಡಿಯಲ್ಲಿ ಹೆರಿಗೆನೋವು ತಿನ್ನುತ್ತಿದ್ದ ರೇಣವ್ವನನ್ನು ಮಾತ್ರ ಕದಲಿಸುವಂತಿರಲಿಲ್ಲ.

ಕಂಬಗಳನ್ನೆಲ್ಲ ಸೇರಿಸಿ ಒಂದೇ ಸ್ಪ್ರಿಂಗ್ ಎಂದೂ, ಮಹಡಿಯನ್ನೆಲ್ಲ ಸೇರಿಸಿ ಒಂದೇ ತೂಕ ಎಂದೂ ಹಿಡಿದು ಕಸ್ತೂರಿ ಲೆಕ್ಕ ಹಾಕಿದಳು. ಕಂಬಗಳನ್ನು ಬಿಗಿಗೊಳಿಸಲು ಹೊತ್ತಿರಲಿಲ್ಲ. ತೂಕ ಹೆಚ್ಚಿಸಿದರೆ ಕಟ್ಟಡ ನಿಧಾನವಾಗಿ ತೂಗುತ್ತದೆ, ನೆಲದೊಂದಿಗೆ ಕೂಡುವುದಿಲ್ಲ.

ಅವಳು ಬೀದಿಯ ಜನರನ್ನು ಕರೆದಳು. "ಒಳಗ ಬರ್ರಿ. ನಿಮ್ಮ ತೂಕ ಬೇಕಾಗೈತಿ."

"ಹೊರಗ ಓಡೂ ಹೊತ್ತಿನ್ಯಾಗ ಒಳಗ ಕರೀತೀರಲ್ರಿ," ಎಂದ ಹೂ ಮಾರುವ ಇಮಾಮಸಾಬ. "ಇಲ್ಲೇ ಬಾಗಲದಾಗ ನಿಂತರ ಆಗೂದಿಲ್ಲೇನು?"

"ಕೆಳಗಿನ ತೂಕ ಲೆಕ್ಕಕ್ಕ ಬರೂದಿಲ್ರಿ. ಮ್ಯಾಲೇ ನಿಲ್ಲಬೇಕು. ಅಲ್ಲೊಬ್ಬಾಕಿ ಹಡೀಲಾಕತ್ತಾಳ."

ಇಮಾಮಸಾಬ ಮೆಟ್ಟಿಲು ಹತ್ತಿದ. ಅವನ ಹಿಂದೆ ಬೀದಿಯೇ ಹತ್ತಿತು.

ನೆಲ ಅಲುಗಿತು. ಹೆಗಲಿಗೆ ಹೆಗಲು ತಾಗಿಸಿ ನಿಂತವರನ್ನು ಹೊತ್ತು ಮಹಡಿ ತುಸುವೇ ವಾಲಿ, ತುಸುವೇ ಮರಳಿತು. ತನ್ನ ಲೆಕ್ಕದಲ್ಲಿ ಒಂದೇ ಅಂಕಿಯಾಗಿದ್ದ ಇಷ್ಟೊಂದು ಮುಖಗಳನ್ನು ಕಸ್ತೂರಿ ಬೆರಗಾಗಿ ನೋಡುತ್ತ ನಿಂತಳು.

ಕಂಪನ ನಿಂತ ಮೇಲೂ, ಕೂಸಿನ ಅಳು ಕೇಳುವವರೆಗೆ ಯಾರೊಬ್ಬರೂ ಕೆಳಗಿಳಿಯಲಿಲ್ಲ.