ಹತ್ತು ಮೀಟರಿನ ಗಾಳಿಪಟ

ಇದು ನಡೆದದ್ದೇ, ಸುಳ್ಳು ಬೆರೆಸೋಣವೆಂದರೆ ಜಾಗವಿಲ್ಲ. ಗೆಜ್ಜಲಗೆರೆಯ ಕಾರ್ಖಾನೆಯೊಂದರ ಕ್ಯಾಂಟೀನಿನ ಹಿಂದೆ ನಿಂತು ಪುನೀತ ಎರಡು ಬೆರಳಲ್ಲಿ ಮೂಗು ಹಿಡಿದುಕೊಂಡ. ಯಾರದೋ ಫೋನಿನಿಂದ, ಆಫೀಸಿನಲ್ಲಿ ತನ್ನ ಪಕ್ಕದ ಮೇಜಿನಲ್ಲೇ ಕೂರುವ ಶ್ರೀಕರನಿಗೆ ಫೋನು ಹಚ್ಚಿದ.

“ಹಲೋ ಶ್ರೀಕರ್ ಸಾಬ್! ನಾವು ಗೋವಾದಿಂದ ಕೈಟ್ ಕೋಚ್ ಮಾತಾಡ್ತಾ ಇದೆ. ನೀವು ಇಂಟರ್ನೆಟ್‌ನಲ್ಲಿ ಡೌಟ್ ಕೇಳಿತ್ತು, ಅಲ್ಲವಾ?”

“ಹೌದು ಸಾರ್, ಹೌದು ಸಾರ್!” ಶ್ರೀಕರ ಅಲ್ಲಿ ಎದ್ದೇ ನಿಂತಿರಬೇಕು. “ಗಾಳಿಪಟ ಕಟ್ಟಿ ಓಡಿಸೋ ಬಗ್ಗಿ ಬಂದಿದೆ. ಮೊದಲನೇ ಪಟ ಯಾವುದು ತಗೊಳ್ಳಲಿ? ಕಲಿಯೋರಿಗೆ ಮೂರು ಮೀಟರಿಂದು ಸಾಕು, ಮೊದಲು ನಿಂತ್ಕೊಂಡೇ ಅದರ ಎಳೆತ ಅಭ್ಯಾಸ ಮಾಡ್ಬೇಕು ಅಂತ ವಿಡಿಯೋದಲ್ಲೆಲ್ಲ ಹೇಳ್ತಾರೆ…”

“ಮೂರು ಮೀಟರ್? ಅದು ಬಚ್ಚಾ ಲೋಗ್‌ಗೆ ಸಾಬ್! ನಿಮ್ಮ ಫೋಟೋ ನೋಡಿತ್ತು. ಏನು ಭುಜ, ಏನು ಪರ್ಸನಾಲಿಟಿ! ನಿಮಗೆ ಹತ್ತು ಮೀಟರ್. ಅದಕ್ಕಿಂತ ಚಿಕ್ಕದು ತಗೊಂಡರೆ ಗಾಳಿಗೇ ಅವಮಾನ.”

“ನಂಗೂ ಹಾಗೇ ಅನ್ನಿಸ್ತಿತ್ತು ಸಾರ್.”

ಭುಜವಂತೆ! ಬ್ಯಾಗು ನೇತುಹಾಕಿದರೆ ಜಾರಿ ಬೀಳುವಂಥ ಭುಜ. ಪುನೀತನಿಗೆ ನಗುವಿಗಿಂತ ಹೇಸಿಗೆಯೇ ಹೆಚ್ಚಾಯಿತು. ಮದುವೆಯ ಬೆನ್ನಿಗೇ ಆಷಾಢ ಬಂದು ಶ್ರೀಕರನ ಹೆಂಡತಿ ಗೌತಮಿ ಮಳವಳ್ಳಿಯ ತವರಿಗೆ ಹೋಗಿದ್ದಳು. ಆಷಾಢದಲ್ಲಿ ಅಳಿಯ ಅತ್ತೆಮನೆಯ ಹೊಸಿಲು ದಾಟಕೂಡದು. ಅತ್ತೆ ತಿರುಮಲಮ್ಮ ಈ ವಿಷಯದಲ್ಲಿ ಕಬ್ಬಿಣದ ಕಡಲೆ. ಅಂದಿನಿಂದ ಈ ಮನುಷ್ಯ ಮಧ್ಯಾಹ್ನವಾದರೆ ಫೋನು ಹಿಡಿದು, “ಊಟ ಆಯ್ತಾ? ಏನ್ ಹುಳಿ? ಯಾವ ತರಕಾರಿ?” ಎಂದು ಕರಗುವುದು, ಪುನೀತ ಅದನ್ನು ಅದೇ ದನಿಯಲ್ಲಿ ಇಡೀ ಸೆಕ್ಷನ್ನಿಗೆ ಒಪ್ಪಿಸುವುದು. ಕೊನೆಗೆ ವಿರಹ ತಾಳಲಾರದೆ ತರಿಸಿಕೊಂಡದ್ದು ಬಗ್ಗಿ: ಎತ್ತಿಲ್ಲ, ಎಂಜಿನ್ನಿಲ್ಲ, ಬ್ರೇಕೂ ಇಲ್ಲ, ಮೂರು ಚಕ್ರದ ಮೇಲೆ ನೆಲಕ್ಕಂಟಿದ ಒಂದು ಕುರ್ಚಿ. ಅದರಲ್ಲಿ ಕೂತು ಕಾಲಲ್ಲಿ ಮುಂದಿನ ಚಕ್ರ ತಿರುಗಿಸಬೇಕು, ಗಾಳಿಪಟ ಎಳೆದೊಯ್ಯಬೇಕು. “ಹೆಸರೇ ಬಗ್ಗಿ ಕಣ್ಲಾ,” ಅಂದಿದ್ದ ಪುನೀತ, “ಎದ್ದೇಳೋ ಆಸೆ ಬುಟ್ಬುಡು.”

ಜಾಗ ಆರಿಸಿದವನೂ ಪುನೀತನೇ. ಮಳವಳ್ಳಿಯ ಹೊರಗೆ ಸೈಟುಗಳು ಮಾರಾಟವಾಗದೆ ಬಂಡೂರು ಕುರಿಗಳು ಮೇಯುತ್ತಿದ್ದ ಲೇಔಟು. ಗಾಳಿ ಬೀಸುವ ದಿಕ್ಕಿಗೆ ಸರಿಯಾಗಿ, ಅದರ ಅಂಚಿನಲ್ಲಿ, ತಿರುಮಲಮ್ಮನವರ ಹಿತ್ತಲು. ಅತ್ತೆಯ ಕಣ್ಣೆದುರಿಗೇ ಅಳಿಯ ಮಣ್ಣು ಮುಕ್ಕಲಿ ಎಂಬುದು ಪುನೀತನ ಆಸೆ. ತಾರಸಿಯ ಮೇಲೆ ಗೌತಮಿ ಒಂದು ಗಳಿಗೆ ಕಂಡರೆ ಸಾಕು ಎಂಬುದು ಶ್ರೀಕರನ ಆಸೆ. ಎರಡೂ ಆಸೆಗಳು ಭಾನುವಾರ ಒಂದೇ ಗೂಡ್ಸ್ ಆಟೋ ಹತ್ತಿದವು.

ಹೆಲ್ಮೆಟ್ಟು, ಮೊಣಕೈಗೆ ಚಿಪ್ಪು, ಮೊಣಕಾಲಿಗೆ ಚಿಪ್ಪು ಕಟ್ಟಿಕೊಂಡು ಶ್ರೀಕರ ಯುದ್ಧಕ್ಕೆ ಹೊರಟ ಆಮೆಯ ಹಾಗೆ ಕೂತ. ಮದುವೆ ಶಾಮಿಯಾನದ ಚೂರಿನಂತಿದ್ದ ಪಟವನ್ನು ಪುನೀತ ದೂರದಲ್ಲಿ ಎತ್ತಿ ಹಿಡಿದ.

“ನಾನು ಹೇಳ್ದಾಗ ಮಾತ್ರ ಬಿಡು ಕಣೋ! ಗಾಳಿ ಲೆಕ್ಕಾಚಾರ ನಿಂಗೆ ಅರ್ಥವಾಗಲ್ಲ!”

“ಊ ಕಣಪ್ಪ, ನೀನೇ ಬುದ್ವಂತ! ಅಲ್ನೋಡ್ಲಾ, ತಾರಸಿ ಮ್ಯಾಲೆ ಬಟ್ಟೆ ಒಣಗಾಕ್ತಾವಳೆ!”

ಶ್ರೀಕರ ಅತ್ತ ತಿರುಗಿದ. ಪುನೀತ ಪಟ ಬಿಟ್ಟ.

ಬಗ್ಗಿ ಹೊರಟಿತು ಅನ್ನುವುದು ತಪ್ಪು. ನೋಡುವಷ್ಟರಲ್ಲಿ ಅಲ್ಲಿರಲೇ ಇಲ್ಲ. ಕುರಿಗಳು ಎರಡು ಪಾಲಾಗಿ ದಾರಿ ಬಿಟ್ಟವು. ಸೈಟುಕಲ್ಲಿಗೆ ಚಕ್ರ ಬಡಿದು ಬಗ್ಗಿ ಮಗುಚಿಕೊಂಡಿತು. ಕೈಬಿಟ್ಟರೆ ಪಟ ತಣ್ಣಗಾಗುತ್ತದೆ ಎಂದು ವಿಡಿಯೋದಲ್ಲಿ ಸಾವಿರ ಸಲ ಕೇಳಿದ್ದವನು ಬಸ್ಸಿನ ಕಂಬಿ ಹಿಡಿದ ಹಾಗೆ ಪಟದ ದಾರದ ಹಿಡಿಗಳನ್ನು ಭದ್ರವಾಗಿ ಹಿಡಿದುಕೊಂಡು, ಹೊಟ್ಟೆಯ ಮೇಲೆ ಜಾರುತ್ತಾ, ದಾಸವಾಳದ ಬೇಲಿ ತೂರಿ, ತಿರುಮಲಮ್ಮನವರ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹೋಗಿ ನಿಂತ. ಪಟ ಹಿತ್ತಲ ಮಾವಿನ ಮರಕ್ಕೆ ಸಿಕ್ಕಿಕೊಂಡಿತು.

ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಪುನೀತ ಓಡಿದ. ಸೋಮವಾರದ ಮಿಮಿಕ್ರಿ ಮನಸ್ಸಿನಲ್ಲೇ ತಯಾರಾಗುತ್ತಿತ್ತು.

ಹಿತ್ತಲ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ತಿರುಮಲಮ್ಮ, “ಅಯ್ಯೋ ರಾಮಾ, ಆಷಾಢದಲ್ಲಿ ಅಳಿಯಂದಿರು!” ಎಂದು ಕಣ್ಣು ಮುಚ್ಚಿಕೊಂಡರು.

“ಅವರೆಲ್ಲಿ ಹೊಸಿಲು ದಾಟಿದ್ದಾರೆ?” ಅಂದಳು ಗೌತಮಿ, ಮೆಟ್ಟಿಲಿಳಿದು ಓಡಿಬಂದು ಗಂಡನ ಗಲ್ಲದ ಮಣ್ಣನ್ನು ವೇಲಿನ ತುದಿಯಿಂದ ಒರೆಸುತ್ತಾ. “ಬೇಲಿ ದಾಟಿದ್ದಾರೆ. ಬೇಲಿಗೂ ಶಾಸ್ತ್ರ ಇದೆಯೇನಮ್ಮ?”

ತಿರುಮಲಮ್ಮ ತಮಗೆ ಗೊತ್ತಿದ್ದ ಶಾಸ್ತ್ರವನ್ನೆಲ್ಲ ತಡಕಿದರು. ಬೇಲಿಯ ಮಾತು ಎಲ್ಲೂ ಸಿಗಲಿಲ್ಲ.

“ಸರಿ. ಆ ದಾರ ಮರದಿಂದ ಬಿಡಿಸೋವರೆಗೆ ಹಿತ್ತಲಲ್ಲೇ ಇರಲಿ. ಬಿಡಿಸಿದ ತಕ್ಷಣ ಹೊರಡಬೇಕು.” ಆಮೇಲೆ ಅವರ ಸೌಟು ಪುನೀತನ ಕಡೆ ತಿರುಗಿತು. “ಹಲ್ಲು ಬಿಡ್ತಾ ನಿಂತಿದೀಯಲ್ಲಪ್ಪ, ಹತ್ತು ಮರ!”

ಹತ್ತಿದ. ದಾರಗಳು ಶಾವಿಗೆಯ ಹಾಗೆ ಹೆಣೆದುಕೊಂಡಿದ್ದವು. ಕೊಂಬೆಯ ತುಂಬ ಕಚ್ಚುವ ಕೆಂಜಿಗದ ಇರುವೆ. ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈ ಅಂಗಿಯೊಳಗೆ. ಕೆಳಗೆ ಒಗೆಯುವ ಕಲ್ಲಿನ ಮೇಲೆ ಗಂಡಹೆಂಡಿರಿಗೆ ಕಾಫಿ ಬಂತು. ಶ್ರೀಕರ ತಾನು ಜಾರಿದ್ದನ್ನು ಎದ್ದು ನಿಂತು ಅಭಿನಯಿಸಿ ತೋರಿಸುತ್ತಿದ್ದ. ತಿರುಮಲಮ್ಮನವರೂ ಸೌಟು ಅಡ್ಡ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಶ್ರೀಕರನೇ.

“ನಿಧಾನ ಕಣೋ ಪುನೀತ, ಅರ್ಜೆಂಟೇನಿಲ್ಲ! ಹೊಸಾ ದಾರ, ಕುಯ್ದುಬಿಡಬೇಡ. ಒಂದೊಂದೇ ಬಿಚ್ಚು!”

ಪುನೀತ ಹಲ್ಲು ಕಚ್ಚಿ ಒಂದು ಎಳೆ ಬಿಡಿಸಿ ಕೆಳಕ್ಕೆ ಇಳಿಬಿಟ್ಟ. ಅದು ಮತ್ತೆ ಬಿಗಿಯಿತು. ಎಲೆಗಳ ಸಂದಿಯಿಂದ ಇಣುಕಿ ನೋಡಿದ: ಕಾಫಿ ಲೋಟ ಪಕ್ಕಕ್ಕಿಟ್ಟು, ಗೌತಮಿ ಆ ಎಳೆಯನ್ನು ಕೆಳಗಿನ ಕೊಂಬೆಗೆ ಸುತ್ತಿ ಸುತ್ತಿ ಹೊಸ ಗಂಟು ಹಾಕುತ್ತಿದ್ದಳು.