ಹನ್ನೆರಡನೇ ಬೆಡ್ಡಿನ ಬಲೂನು

ಇದನ್ನು ಓದಿ ಬರೀ ಕೈ ಮುಗಿಯುವ ಇಮೋಜಿ ಹಾಕಬೇಡಿ... ನಿಮ್ಮ ಬಾಸ್ ಇರುವ ಗ್ರೂಪಿಗೂ ಧೈರ್ಯವಾಗಿ ಕಳಿಸಿ!

ಉತ್ತರ ಕರ್ನಾಟಕದ ಒಂದು ಖಾಸಗಿ ಆಸ್ಪತ್ರೆ. ರುಬೀನಾ ಅಲ್ಲಿ ಹೊಸ ನರ್ಸ್. ಇಡೀ ಜನರಲ್ ವಾರ್ಡಿಗೆ ಅವಳೊಬ್ಬಳೇ...

ಯಾರಿಗೋ ಇಂಜೆಕ್ಷನ್ ಕೊಟ್ಟು ಬರುವಷ್ಟರಲ್ಲಿ ಹನ್ನೆರಡನೇ ಬೆಡ್ಡಿನ ಅಜ್ಜಿಯ ಡ್ರಿಪ್ ಖಾಲಿಯಾಗಿ ಪೈಪಿನಲ್ಲಿ ರಕ್ತ ಏರಿತ್ತು.

ಅಜ್ಜಿಗೆ ಏನೂ ಆಗಲಿಲ್ಲ. ಆದರೆ ಮನೆಯವರು ಗಲಾಟೆ ಮಾಡಿದರು. "ಈ ತಿಂಗಳಿಗೆ ನಿನ್ನ ಕೆಲಸ ಮುಗೀತು" ಎಂದು ರುಬೀನಾಗೆ ಹೇಳಿಬಿಟ್ಟರು ಆಸ್ಪತ್ರೆ ನಡೆಸುವ ಎಂ.ಡಿ. ಸಾಹೇಬರು.

ವಾರ್ಡಿಗೆ ಇನ್ನೊಬ್ಬ ನರ್ಸನ್ನು ತಂದರಾ? ಎಲ್ಲಿಯ ಮಾತು! ಮೋಟಿವೇಶನ್ ಕ್ಲಾಸ್ ಇಡಿಸಿದರು... ಅದೂ ಡ್ಯೂಟಿ ಮುಗಿದ ಮೇಲೆ. ತಾವೂ ಬಂದು ಮುಂದಿನ ಸಾಲಿನಲ್ಲಿ ಕೂತರು.

ಬೆಂಗಳೂರಿನಿಂದ ಬಂದ ಟ್ರೈನರ್ ಎಲ್ಲರಿಗೂ ಒಂದೊಂದು ಬಲೂನು ಕೊಟ್ಟರು. "ಇದು ನಿಮ್ಮ ಕೆಲಸ. ನಗ್ತಾ ಹಾರಿಸ್ತಾ ಇರಿ... ಕೆಳಗೆ ಬೀಳಬಾರದು!"

ಹಿರಿಯ ನರ್ಸ್ ದಾಕ್ಷಾಯಿಣಿ ಸಿಸ್ಟರ್‌ಗೆ ರೇಗಿಹೋಯಿತು.

"ಒಂದ್ ಬಲೂನು ಯಾರರ ಹಾರಿಸ್ತಾರ್ರಿ. ಎಂ.ಡಿ. ಸಾಹೇಬ್ರ, ನೀವ್ ನಡುವ ಬರ್ರಿ. ಹುಡುಗ್ಯಾರ, ಬೆಡ್ ನಂಬರ್ ಹೇಳಿ ಎಲ್ಲಾರೂ ಸಾಹೇಬ್ರ ಕಡೆ ಒಗೀರಿ!"

"ಒಂದನೇ ಬೆಡ್, ಆಪರೇಷನ್ ಆಗೇತ್ರಿ!" "ಐದನೇ ಬೆಡ್, ವಾಂತಿ!" "ಹತ್ತನೇ ಬೆಡ್, ಉಸಿರು ಸಿಗವಲ್ದು!"

ಸಾಹೇಬರು ಮೂರ್ನಾಲ್ಕು ತಡೆದರು. ಉಳಿದವೆಲ್ಲ ನೆಲಕ್ಕೆ... ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಹನ್ನೆರಡನೇ ಬೆಡ್!" ಎಂದು ಯಾರೋ ಕೂಗಿದ್ದೇ ತಡ, ರುಬೀನಾ ಕುರ್ಚಿ ಹಿಂದಕ್ಕೆ ತಳ್ಳಿ ಓಡಿದಳು. ಆ ಬಲೂನು ನೆಲ ಮುಟ್ಟುವ ಮೊದಲೇ ಹಿಡಿದು ಎದೆಗವಚಿಕೊಂಡಳು.

"ಇದು ಅಜ್ಜೀದು..." ಎಂದವಳಿಗೆ ಅಳು ತಡೆಯಲಾಗಲಿಲ್ಲ.

ನಗು ನಿಂತುಹೋಯಿತು.

"ನಿಮ್ಮ ಕಾಲಬುಡಕ ಎಷ್ಟ್ ಪೇಷಂಟ್ ಬಿದ್ದಾರ ನೋಡ್ರಿ ಸಾಹೇಬ್ರ," ದಾಕ್ಷಾಯಿಣಿ ಸಿಸ್ಟರ್ ನೆಲದ ಬಲೂನುಗಳತ್ತ ಕೈ ತೋರಿಸಿದರು. "ನಿಮ್ಮನ್ಯಾರೂ ಮನಿಗೆ ಕಳಸಂಗಿಲ್ಲ. ಈಕಿನ್ನ ಕಳಸ್ತೀರೇನು? ಹಂಗಾದ್ರ ನಾಳೆ ನಾವೂ ಬರಂಗಿಲ್ಲ."

ನರ್ಸುಗಳೆಲ್ಲ ಬಂದು ರುಬೀನಾಳ ಪಕ್ಕ ನಿಂತರು. ಟ್ರೈನರ್ ಕೂಡ ಮೈಕ್ ಇಟ್ಟು ಅವರ ಜೊತೆ ಹೋಗಿ ನಿಂತರು!

ಸಾಹೇಬರು ಬಗ್ಗಿ ನೆಲದಿಂದ ಒಂದು ಬಲೂನು ಎತ್ತಿಕೊಂಡರು. "ನೀ ಎಲ್ಲೂ ಹೋಗಬ್ಯಾಡವಾ ರುಬೀನಾ... ವಾರ್ಡಿಗೆ ಇನ್ನಿಬ್ಬರನ್ನ ತೊಗೋತೀನಿ."

"ಯಾವಾಗ್ರಿ?" ಸಿಸ್ಟರ್ ಬಿಡಲಿಲ್ಲ.

"ಈ ವಾರದಾಗ."

"ಅಲ್ಲೀಮಟ ನೀವ ಬರ್ರಿ ವಾರ್ಡಿಗೆ!"

ಮರುದಿನ ಸಾಹೇಬರು ಬಂದರು... ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡೇ ಬಂದರು.

*ಕೈತಪ್ಪಿ ಬಿದ್ದದ್ದನ್ನು ಎತ್ತಿ ತೋರಿಸುವ ಮೊದಲು, ಆ ಎರಡೇ ಕೈಗಳ ಮೇಲೆ ನಾವು ಎಷ್ಟು ಹೊರಿಸಿದ್ದೆವು ಎಂದು ನೋಡಬೇಕು.*

ನಿಮ್ಮ ಆಫೀಸಿನಲ್ಲಿ ಯಾರೋ ಒಬ್ಬರು ಒಂಟಿಯಾಗಿ ಬೈಸಿಕೊಳ್ಳುವಾಗ... ನೀವು ಅವರ ಪಕ್ಕ ಹೋಗಿ ನಿಂತಿದ್ದೀರಾ?