ಎರಡನೇ ಡಿಕಾಕ್ಷನ್

"ಅಯ್ಯೋ, ಮೊದಲನೇ ಡಿಕಾಕ್ಷನ್ನನ್ನೇ ಸಿಂಕಿಗೆ ಸುರಿದುಬಿಟ್ಯಲ್ಲೇ!" ಪದ್ಮಾ ಕೂಗಿದ ರಭಸಕ್ಕೆ, ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಗಂಡ ಏಕನಾಥರೂ ಅಡುಗೆಮನೆಗೆ ಓಡಿಬಂದರು.

ಮಗಳು ಇಂಚರಾ ನಕ್ಕಳು. ನೋಯ್ಡಾದ ತನ್ನ ಟೀ ಕಂಪನಿಯ ಆಫೀಸಿನಿಂದ ಬರುವಾಗ ಜಪಾನು, ನೇಪಾಳ, ತೈವಾನು ಅಂತ ದೇಶದೇಶದ ಟೀ ಎಲೆ ಹೊತ್ತು ತಂದಿದ್ದಳು. "ಇದು ತೈವಾನಿಂದು, ಅಮ್ಮಾ. ಮೊದಲ ನೀರು ಎಲೆ ತೊಳೆಯೋಕಷ್ಟೇ. ರುಚಿಯೆಲ್ಲ ಎರಡನೇದ್ರಲ್ಲೇ ಇರೋದು."

ಪದ್ಮಾ ನಂಬಲಿಲ್ಲ. ದ್ವಾರಕಾದ ಈ ಮನೆಯಲ್ಲಿ ಕಾಫಿ ಫಿಲ್ಟರಿನ ಮೊದಲ ಡಿಕಾಕ್ಷನ್ ಗಂಡನಿಗೆ, ಬಂದವರಿಗೆ. ಅದೇ ಪುಡಿಗೆ ಮತ್ತೆ ನೀರು ಹೊಯ್ದು ಇಳಿಸಿದ ತೆಳ್ಳನೆಯದು, ಮದುವೆಯಾದಂದಿನಿಂದ, ಅವಳಿಗೆ. ಇಂಚರಾ ಮತ್ತೆ ಬಿಸಿನೀರು ಹೊಯ್ದಳು. ಕಾಳುಮೆಣಸಿನಂತೆ ಮುದುಡಿದ್ದ ಎಲೆಗಳು ಪದ್ಮಾಳ ಕಣ್ಣೆದುರೇ ಮೈಮುರಿದು ಎದ್ದು, ಹಸಿರಾಗಿ ಹರಡಿ ಪಾತ್ರೆ ತುಂಬಿದವು. ಬೆಣ್ಣೆ ಕಾಯಿಸಿದಾಗಿನಂಥ ಘಮ! ಮಗಳು ಲೋಟಕ್ಕೆ ಬಗ್ಗಿಸಿಕೊಟ್ಟದ್ದನ್ನು ಪದ್ಮಾ ಒಂದು ಗುಟುಕು ಕುಡಿದಳು. ಹುಬ್ಬು ಮೇಲೇರಿತು. ತಡೆಯಲಾರದೆ ಇನ್ನೊಂದು ಗುಟುಕು ಕುಡಿದಳು.

"ಅಚ್ಛಾ, ಅಷ್ಟು ಚೆನ್ನಾಗಿದೆಯಾ? ಕೊಡು ಇಲ್ಲಿ" ಎಂದು ಏಕನಾಥರು ರೂಢಿಯಂತೆ ಕೈ ಚಾಚಿದರು.

ಪದ್ಮಾ ಲೋಟವನ್ನು ಎದೆಗವಚಿಕೊಂಡಳು. "ತಡೀರಿ. ಎರಡನೇದು ಯಾವತ್ತಿಗೂ ನಂದೇ ತಾನೆ?"